ಲಗ್ನಕ್ಕೂ ಮಣ್ಣಿಗೂ ಶಾಸಕರು ಬರಲೇಬೇಕಾ?

ಬಾಗಲಕೋಟೆ ಜಿಲ್ಲೆ, ಕೃಷ್ಣಾ ದಂಡೆಯ ಒಂದು ಊರು. ಬರೆದವರಿಬ್ಬರೂ ಒಂದೇ ಮನೆಯವರು. ಕಾಕಾ ಕಬ್ಬು ಬೆಳೆಯುತ್ತಾರೆ. ಅವರ ಅಣ್ಣನ ಮಗಳು ವಿಜಯಪುರದ ಪಿಯು ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಾಳೆ.

ಪರ: ಬರಲೇಬೇಕು

ಲಗ್ನಕ್ಕೆ ಬರದಿದ್ದರೂ ನಡೆಯುತ್ತದೆ, ಮಣ್ಣಿಗೆ, ಅಂದರೆ ಶವಸಂಸ್ಕಾರಕ್ಕೆ, ಬರಬೇಕು. ನಮ್ಮ ಕಡೆ ಬೀಗರಿಗೂ ಇದೇ ಲೆಕ್ಕ, ಶಾಸಕರಿಗೂ ಇದೇ ಲೆಕ್ಕ.

ನಮ್ಮ ಅವ್ವ ತೀರಿಕೊಂಡದ್ದು ಆಗಸ್ಟ್ ಮಳೆಯಲ್ಲಿ. ನಮ್ಮೂರ ಸ್ಮಶಾನ ಹಳ್ಳದ ಆಚೆ ದಂಡೆಗಿದೆ. ಹಳ್ಳ ಬಂತೆಂದರೆ ಹೆಣ ಹೊತ್ತವರು ನೀರಲ್ಲೇ ದಾಟಬೇಕು. ಹತ್ತು ವರ್ಷ ಗ್ರಾಮಸಭೆಯಲ್ಲಿ ಇದನ್ನು ಹೇಳಿದ್ದೆವು. ಬರೆದುಕೊಂಡರು, ಅಷ್ಟೇ. ಅವತ್ತು ಶಾಸಕರು ಬಂದರು. ಅಂಗಳದಲ್ಲಿ ಹಾರ ಹಾಕಿ, ಕೈ ಮುಗಿದು ಗಾಡಿ ಹತ್ತಬಹುದಿತ್ತು. ಹತ್ತಲಿಲ್ಲ. ಭಜನೆಯವರ ಹಿಂದೆ ನಡೆದುಕೊಂಡೇ ಬಂದರು. ಎರೆಮಣ್ಣು ಗೊತ್ತಲ್ಲ, ಹಸಿಯಾದರೆ ಕಾಲು ಬಿಡಲ್ಲ. ಅವರ ಒಂದು ಚಪ್ಪಲಿ ಅಲ್ಲೇ ಸಿಕ್ಕಿಕೊಂಡಿತು. ಇನ್ನೊಂದನ್ನೂ ಅಲ್ಲೇ ಬಿಟ್ಟು, ಪ್ಯಾಂಟು ಮಡಚಿ ಹಳ್ಳಕ್ಕಿಳಿದರು. ನಡುನೀರಲ್ಲಿ ನಿಂತು ಪಿಎ ಕಡೆ ತಿರುಗಿ, "ಇದು ನನಗ್ಯಾಕೆ ಗೊತ್ತಿಲ್ಲ?" ಅಂದರು. ಮುಂದಿನ ಮಳೆಗಾಲಕ್ಕೆ ಅಲ್ಲೊಂದು ಸಣ್ಣ ಸೇತುವೆ ಇತ್ತು.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಯಾವ ಊರಿಗೆ ಯಾವ ಕೆಲಸ ಅಂತ ಅವರೇ ಸೂಚಿಸಬೇಕು. ಅಧಿಕಾರಿಗಳ ಪಟ್ಟಿ ನೋಡಿ ಸೂಚಿಸಿದರೆ ಸಮುದಾಯ ಭವನ ಬರುತ್ತದೆ. ಹಳ್ಳಕ್ಕಿಳಿದು ಸೂಚಿಸಿದರೆ ಸೇತುವೆ ಬರುತ್ತದೆ.

ಲಗ್ನದ್ದೂ ಹಾಗೇ. ಶಾಸಕರು ಊಟಕ್ಕೆ ಬರುತ್ತಾರಂತ ಯಾರಾದರೂ ತಿಳಿದಿದ್ದರೆ ತಪ್ಪು. ಊಟಕ್ಕೆ ಅವರಿಗೆ ಟೈಮೇ ಇರಲ್ಲ. ಅಕ್ಕಿಕಾಳು ಹಾಕಿ, ಫೋಟೋಕ್ಕೆ ನಿಂತು, ಸ್ಟೇಜ್ ಇಳಿಯುವಷ್ಟರಲ್ಲಿ ಜೇಬು ತುಂಬ ಅರ್ಜಿ ಬಿದ್ದಿರುತ್ತವೆ. ಅವರ ಮನೆಗೆ ಹೋದರೆ ಗೇಟು, ಗೇಟು ದಾಟಿದರೆ ಪಿಎ, ಪಿಎ ದಾಟಿದರೆ ಹಿಂದೆ ಮುಂದೆ ತಿರುಗುವ ಹುಡುಗರು. ಲಗ್ನದ ಹಂದರದಲ್ಲಿ ಗೇಟಿಲ್ಲ. ಪಿಂಚಣಿ ನಿಂತುಹೋದ ಮುದುಕಿ ಕೂಡ ಸೀದಾ ಹೋಗಿ ಕೈ ಹಿಡಿದು ನಿಲ್ಲಿಸಬಹುದು. ಹೋದ ಬೇಸಿಗೆಯಲ್ಲಿ ನಮ್ಮ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟು ಹನ್ನೊಂದು ದಿನ ಮೋಟಾರು ನಿಂತಿತ್ತು. ಕಬ್ಬು ಒಣಗಿ ಸುಳಿ ಬಾಗಿತ್ತು. ವಿದ್ಯುತ್ ಕಚೇರಿಗೆ ಅಲೆದು ಅಲೆದು ನನ್ನ ಚಪ್ಪಲಿ ಸವೆದವು. ಕೊನೆಗೆ ಒಂದು ಲಗ್ನದಲ್ಲಿ ಸಾಹೇಬರ ಕಿವಿಗೆ ಹಾಕಿದೆ. ಅಲ್ಲೇ ಎಂಜಿನಿಯರ್‌ಗೆ ಫೋನ್ ಹಚ್ಚಿದರು, ಸ್ಪೀಕರ್ ಹಾಕಿ. ಮರುದಿನ ಸಂಜೆ ಟಿಸಿ ಬಂತು.

ಬೆಂಗಳೂರು ನಮಗೆ 500 ಕಿಲೋಮೀಟರ್‌. ಅಲ್ಲಿ ಕೂತ ಮನುಷ್ಯನ ಕಿವಿಗೆ ಹೇಗೆ ಹಾಕೋದು?

ನಮ್ಮ ಜಿಲ್ಲೆಯ ದೊಡ್ಡ ಹೆಸರುಗಳನ್ನೇ ನೋಡಿ. ಸಾವಳಗಿಯ ಬಿ.ಡಿ. ಜತ್ತಿ ಜಮಖಂಡಿ ಪುರಸಭೆಯಿಂದ ಶುರು ಮಾಡಿ 1958ರಲ್ಲಿ ಮುಖ್ಯಮಂತ್ರಿಯಾದರು, ಆಮೇಲೆ ಉಪರಾಷ್ಟ್ರಪತಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿ. ಸಿದ್ದು ನ್ಯಾಮಗೌಡರು 1989ರಲ್ಲಿ ರೈತರ ದುಡ್ಡು, ರೈತರ ದುಡಿಮೆಯಲ್ಲೇ ಚಿಕ್ಕಪಡಸಲಗಿ ಬ್ಯಾರೇಜ್ ಮುಗಿಸಿದರು. ಊರೂರು ತಿರುಗದೆ, ಮನೆಮನೆಯ ಜಗಲಿ ಮೇಲೆ ಕೂರದೆ ಆ ದುಡ್ಡು ಹುಟ್ಟುತ್ತಿತ್ತಾ? 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರಂಥವರನ್ನೇ ಬಾಗಲಕೋಟೆಯಲ್ಲಿ ಸೋಲಿಸಿದರು. ಹೆಗಡೆಯವರು ಮಾತಲ್ಲಿ ಕಡಿಮೆ ಇದ್ದರಾ? ಜನ ನೋಡಿದ್ದು ಬೇರೆ.

ಓದಿದವರು ಅನ್ನುತ್ತಾರೆ, ಶಾಸಕರು ಸದನದಲ್ಲಿ ಮಾತಾಡಲಿ ಅಂತ. ಮಾತಾಡಲಿ, ಬೇಡ ಅಂದವರಾರು? ವರ್ಷವಿಡೀ ಅಧಿವೇಶನ ಇರಲ್ಲವಲ್ಲ. ನಮ್ಮ ಅಣ್ಣನ ಮಗಳಿಗೆ ಮಾತ್ರ ಈ ಮಾತು ಹಿಡಿಸಲ್ಲ. ಅವಳು ಬರೆಯಲಿ, ಓದೋಣ.

ವಿರೋಧ: ಬರೋದು ಬೇಡ, ಬಿಡಿ

ಚಪ್ಪಲಿ ಸಿಕ್ಕಿಕೊಂಡದ್ದು ನಿಜ. ನಾನೂ ಅಲ್ಲೇ ಇದ್ದೆ. "ಇದು ನನಗ್ಯಾಕೆ ಗೊತ್ತಿಲ್ಲ?" ಅಂದದ್ದನ್ನೂ ಕೇಳಿಸಿಕೊಂಡೆ. ಕಾಕಾಗೆ ಆ ಮಾತಿನಲ್ಲಿ ಕರುಣೆ ಕಂಡಿತು. ನನಗೆ ಸಿಟ್ಟು ಬಂತು. ಎರಡನೇ ಸಲ ಗೆದ್ದ ಶಾಸಕರಿಗೆ ಒಂದೂರಿನ ಹೆಣಗಳು ನೀರಲ್ಲಿ ಹೋಗುತ್ತವೆ ಅಂತ ತಿಳಿಯಲು ನಮ್ಮ ಅಜ್ಜಿ ಸಾಯಬೇಕಾಯಿತು.

ಇನ್ನೊಂದು ವಿಷಯ ಕಾಕಾ ಬರೆದಿಲ್ಲ. ಮರೆತಿರಬಹುದು. ಅಜ್ಜಿಗಿಂತ ಹದಿನೈದು ದಿನ ಮೊದಲು ಕೇರಿಯಲ್ಲೊಬ್ಬ ಮುದುಕರು ತೀರಿಕೊಂಡಿದ್ದರು. ಅವತ್ತೂ ಹಳ್ಳ ಬಂದಿತ್ತು. ಅವರನ್ನೂ ಅದೇ ಹಳ್ಳ ದಾಟಿಸಿ ಒಯ್ದರು. ಯಾವ ಗಾಡಿಯೂ ಬರಲಿಲ್ಲ. ನಮ್ಮ ಮನೆಗೆ ಯಾಕೆ ಬಂತು? ಕಾಕಾ ಸೊಸೈಟಿ ಡೈರೆಕ್ಟರ್. ನಮ್ಮ ಮನೆತನದಲ್ಲಿ ಅರವತ್ತು ವೋಟು. ಮಣ್ಣಿಗೆ ಬರುವ ಶಾಸಕರು ಯಾರ ಮಣ್ಣಿಗೆ ಬರುತ್ತಾರೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ, ಕಾಕಾ.

ಟಿಸಿ ಕಥೆಯೂ ಅಷ್ಟೇ. ಬೇಸಿಗೆಯಲ್ಲಿ ಸುಟ್ಟ ಟಿಸಿಗಳಿಗೆ ಸಾಲು ಇರುತ್ತದೆ. ಹೊಸದು ಆಕಾಶದಿಂದ ಇಳಿಯಲ್ಲ. ಸ್ಪೀಕರ್ ಹಾಕಿದ ಒಂದು ಫೋನಿಗೆ ನಮ್ಮ ಹೊಲಕ್ಕೆ ಬಂದ ಟಿಸಿ, ಸಾಲಲ್ಲಿ ಮುಂದಿದ್ದ ಯಾರದೋ ಹೊಲಕ್ಕೆ ಹೋಗಬೇಕಿದ್ದದ್ದು. ಅವರ ಕಬ್ಬೂ ಒಣಗುತ್ತಿತ್ತು. ಅವರಿಗೆ ಆ ಲಗ್ನದ ಕರೆ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಹನ್ನೊಂದು ದಿನ ಯಾಕೆ ಹಿಡಿಯುತ್ತದೆ ಅಂತ ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕಿ ಮಂತ್ರಿಗಳಿಂದ ಉತ್ತರ ಪಡೆಯುವುದು ಶಾಸಕರ ಕೆಲಸ. ಫೋನ್ ಹಚ್ಚುವುದು ಲೈನ್‌ಮನ್ ಮೇಲಿನವರ ಕೆಲಸ.

ದುಡ್ಡಿನ ಮಾತು ಬರಲಿ. ಒಳ್ಳೆ ಮುಹೂರ್ತವಿದ್ದ ದಿನ ಒಂದು ಕ್ಷೇತ್ರದಲ್ಲಿ ಎಷ್ಟು ಲಗ್ನ ಇರುತ್ತವೆ, ಎಲ್ಲರಿಗೂ ಗೊತ್ತು. ಒಬ್ಬರೇ ಮುಟ್ಟಲಾಗಲ್ಲ. ಒಂದು ಕಡೆ ಸಾಹೇಬರು, ಇನ್ನೊಂದು ಕಡೆ ತಮ್ಮ, ಮತ್ತೊಂದು ಕಡೆ ಮಗ. ಮೂರು ಗಾಡಿ, ಡೀಸೆಲ್ಲು, ಕೈಗೊಂದು ಲಕೋಟೆ. ಮೇಲೆ ಜಾತ್ರೆಯ ಪಟ್ಟಿ, ಕುಸ್ತಿಯ ಬೆಳ್ಳಿ ಕಡಗ, ಗುಡಿಯ ಕಳಸ. 2025ರಲ್ಲಿ ಶಾಸಕರ ಮೂಲ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು, ಜನ ಬೈದರು. ನಾನೂ ಬೈದೆ. ಆದರೆ ಆ 80 ಸಾವಿರ ಒಂದು ವಾರದ ಲಗ್ನಗಳಿಗೂ ಸಾಲಲ್ಲ. ಉಳಿದದ್ದು ಎಲ್ಲಿಂದ ಬರುತ್ತದೆ? ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ 40 ಲಕ್ಷ ದಾಟಿ ಖರ್ಚು ಮಾಡಬಾರದು ಅಂತ ಮಿತಿ ಇದೆ. ನಡುವಿನ ಐದು ವರ್ಷದ ಆಹೇರಿಗೆ ಯಾವ ಮಿತಿಯೂ ಇಲ್ಲ. ಹಾಗಾಗಿ ಸಕ್ಕರೆ ಕಾರ್ಖಾನೆ ಇದ್ದವರು, ಗುತ್ತಿಗೆ ಹಿಡಿದವರು ನಿಲ್ಲುತ್ತಾರೆ. ನಮ್ಮೂರ ಕನ್ನಡ ಶಾಲೆಯ ನಿವೃತ್ತ ಮಾಸ್ತರರು ನಿಲ್ಲಲ್ಲ. ಬಡವ ಶಾಸಕನಾಗಲ್ಲ ಅಂತ ಕಾಕಾನೇ ಕಟ್ಟೆ ಮೇಲೆ ಕೂತು ಹಲುಬುತ್ತಾರೆ. ಬಾಗಿಲು ಹಾಕಿದವರು ನಾವೇ ಅಲ್ವಾ?

ಜತ್ತಿಯವರನ್ನು ನೆನೆದದ್ದು ಸರಿ. ಆದರೆ ಯಾವುದಕ್ಕೆ ನೆನೆಯಬೇಕು? 1957ರಲ್ಲಿ ಗೇಣಿ ಮತ್ತು ಭೂಮಿ ಕಾನೂನುಗಳ ಬಗ್ಗೆ ಒಂದು ಸಮಿತಿ ಆಯಿತು. ಅದರ ಅಧ್ಯಕ್ಷರು ಅವರೇ. 1961ರ ಭೂ ಸುಧಾರಣಾ ಕಾಯ್ದೆಗೆ ಆ ವರದಿ ಬುನಾದಿ. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಕಾಯ್ದೆ ತಿದ್ದುಪಡಿಯಾಗಿ ಇನ್ನಷ್ಟು ಬಿಗಿಯಾಯಿತು. ಆಗಲೇ ನಮ್ಮ ಅಜ್ಜ ಫಾರಂ 7, ಅಂದರೆ ಗೇಣಿಗೆ ಮಾಡುವ ಹೊಲ ತನ್ನ ಹೆಸರಿಗೆ ಕೊಡಿ ಅನ್ನುವ ಅರ್ಜಿ, ತುಂಬಿದ್ದು. ಅದರ ರಶೀದಿ ಇನ್ನೂ ಅಜ್ಜಿಯ ಟ್ರಂಕಿನಲ್ಲಿದೆ. ಮಡಿಕೆ ಹರಿದಿದೆ, ನುಸಿಗುಳಿಗೆ ವಾಸನೆ. ಕಾಕಾ ಇವತ್ತು ಕಬ್ಬು ಹಚ್ಚುವ ನಾಲ್ಕು ಎಕರೆ ಬಂದದ್ದು ಆ ಚೀಟಿಯಿಂದ. ಆ ಕಾನೂನಿಗೆ ಕೈ ಎತ್ತಿದ ಶಾಸಕರಲ್ಲಿ ಒಬ್ಬರೂ ಅಜ್ಜನ ಲಗ್ನಕ್ಕೆ ಬಂದವರಲ್ಲ.

ನ್ಯಾಮಗೌಡರ ಬ್ಯಾರೇಜ್ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಅದನ್ನು ಕಟ್ಟುವಾಗ ಅವರು ಶಾಸಕರಾಗಿರಲಿಲ್ಲ.

ಈಗ ಅದೇ ನಾಲ್ಕು ಎಕರೆ ಮುಳುಗಡೆ ಗೆರೆಯೊಳಗಿದೆ. ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸಬಹುದು ಅಂತ ಕೃಷ್ಣಾ ನದಿನೀರು ಹಂಚಿಕೆಯ ನ್ಯಾಯಾಧಿಕರಣ 2010ರಲ್ಲೇ ಹೇಳಿತು. 2025ರಲ್ಲಿ ರಾಜ್ಯ ಸರ್ಕಾರ ಮುಳುಗುವ ಭೂಮಿಗೆ ದರ ನಿಗದಿ ಮಾಡಿತು. ನೀರಾವರಿ ಎಕರೆಗೆ 40 ಲಕ್ಷ, ಖುಷ್ಕಿಗೆ, ಅಂದರೆ ಮಳೆ ನಂಬಿದ ಹೊಲಕ್ಕೆ, 30 ಲಕ್ಷ. ಕಾಕಾ ನದಿಗೆ ಮೋಟಾರು ಕೂರಿಸಿ ಇಪ್ಪತ್ತು ವರ್ಷದ ಮೇಲಾಯಿತು. ಉತಾರದಲ್ಲಿ (ಪಹಣಿಯಲ್ಲಿ) ಮಾತ್ರ ಇನ್ನೂ ಖುಷ್ಕಿ ಅಂತಲೇ ಇದೆ. ನಾಲ್ಕು ಎಕರೆಗೆ 40 ಲಕ್ಷ ರೂಪಾಯಿ ವ್ಯತ್ಯಾಸ! ಸ್ವಂತ ಖರ್ಚಲ್ಲಿ ನೀರು ತಂದವರ ಹೊಲವನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತೀರಿ ಅಂತ ಯಾರಾದರೂ ಎದ್ದು ನಿಂತು ಕೇಳಬೇಕು. ಇದು ಲಗ್ನದ ಹಂದರದಲ್ಲಿ ಫೋನ್ ಹಚ್ಚಿದರೆ ಬಗೆಹರಿಯಲ್ಲ. ಬೆಳಗಾವಿಯ 18, ನಮ್ಮ 7, ವಿಜಯಪುರದ 8, ಮೂರೂ ಜಿಲ್ಲೆ ಸೇರಿ 33 ಶಾಸಕರು. 224ರಲ್ಲಿ 33 ಅಂದರೆ ಕಡಿಮೆ ಅಲ್ಲ.

ಈ ಭಾಗದ ಮಾತಿಗಂತಲೇ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಕಟ್ಟಿದರು. 2012ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದರು. ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ನಾನು ಕಾಲೇಜಿನ ಹುಡುಗರನ್ನು ಕರೆದುಕೊಂಡು ಒಮ್ಮೆ ನೋಡಲು ಹೋಗಿದ್ದೆ. ಉತ್ತರ ಕರ್ನಾಟಕದ ಚರ್ಚೆ ನಡೆಯುತ್ತಿತ್ತು, ಕುರ್ಚಿಗಳು ಖಾಲಿ ಇದ್ದವು. "ಮೇಡಂ, ನಮ್ಮ ಶಾಸಕರು ಯಾರು, ತೋರಿಸಿ" ಅಂದ ಒಬ್ಬ ಹುಡುಗ. ಖಾಲಿ ಕುರ್ಚಿಯೊಂದನ್ನು ತೋರಿಸಿದೆ. ಅವನು ಮೊಬೈಲ್ ತೆಗೆದು ನನಗೇ ತೋರಿಸಿದ. ಸಾಹೇಬರು ಅವತ್ತು ಬೆಳಿಗ್ಗೆ ಯಾರದೋ ಲಗ್ನದಲ್ಲಿ ಅಕ್ಕಿಕಾಳು ಹಾಕುವ ಫೋಟೋ, ಅವನ ಸ್ಟೇಟಸ್ ಪಟ್ಟಿಯಲ್ಲಿ ಮೊದಲನೆಯದು. ಧನುರ್ಮಾಸ ಹಿಡಿದ ಮೇಲೆ ಲಗ್ನ ಇರಲ್ಲ, ಆಗಲಾದರೂ ಸದನಕ್ಕೆ ಬರಬಹುದು ಅಂದುಕೊಂಡರೆ, ಅಷ್ಟರಲ್ಲಿ ಅಧಿವೇಶನವೇ ಮುಗಿಯುತ್ತಾ ಬಂದಿರುತ್ತದೆ.

ಈ ಸಲ ನನ್ನ ತಂಗಿಯ ಲಗ್ನ. ಡಿಸೆಂಬರ್ ಎರಡನೇ ವಾರ ಮುಹೂರ್ತ ಸಿಕ್ಕಿದೆ. ಪತ್ರಿಕೆ ಅಚ್ಚಾಗಿ ಮೊನ್ನೆ ಮನೆಗೆ ಬಂದವು. ಕಾಕಾ ಕಟ್ಟು ಬಿಚ್ಚಿ, ಮೊದಲ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಟ್ಟರು. ಎರಡನೆಯದರ ಮೇಲೆ ಸಾಹೇಬರ ಹೆಸರು ಬರೆದರು.