ಮುನ್ನೂರು ರೂಪಾಯಿಗೆ ಎಲ್ಲಿಯ ಸಾಹಸ

ಕಡಿಮೆ ಖರ್ಚಿನ ಪ್ರವಾಸ ಎಂದರೆ ಕೈಯಿಂದ ಕಡಿಮೆ ಹಣ ಹೋಗುವ ಪ್ರವಾಸ ಎಂದೇ ಇಷ್ಟು ವರ್ಷ ನಂಬಿಕೊಂಡು ಬಂದಿದ್ದ ನನಗೆ ಅದರ ನಿಜವಾದ ಅರ್ಥ ತಿಳಿದದ್ದು ದಾವಣಗೆರೆಯ ಗೆಳೆಯರೊಂದಿಗೆ ಮುಳ್ಳಯ್ಯನಗಿರಿಗೆ ಹೋಗಿಬಂದ ಮೇಲೆ. ತಲೆಗೆ 3,999 ರೂಪಾಯಿ ಎಂದು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿತ್ತು. ಆ ಸಂಖ್ಯೆಯ ನೆತ್ತಿಯ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ನಕ್ಷತ್ರವೊಂದು ಕುಳಿತಿತ್ತು. ಜೀಪಿನ ಬಾಡಿಗೆ ಬೇರೆ, ಬೆಂಕಿ ಹಾಕಿದ್ದಕ್ಕೆ ಸೌದೆಯ ದುಡ್ಡು ಬೇರೆ, ರಾತ್ರಿ ಹತ್ತರ ನಂತರ ಕೇಳಿದ ಬಿಸಿನೀರು ಬೇರೆ ಎಂದು ಆ ನಕ್ಷತ್ರ ಎರಡು ದಿನವೂ ಬಿಡದೆ ಮಿನುಗಿ, ಲೆಕ್ಕ ಚುಕ್ತಾ ಆಗುವ ಹೊತ್ತಿಗೆ ಒಬ್ಬೊಬ್ಬರಿಗೆ ಆರು ಸಾವಿರ ದಾಟಿತ್ತು. 'ನಕ್ಷತ್ರದ ಕೆಳಗೆ ಒಂದು ರಾತ್ರಿ' ಎಂದು ಅವರು ಮೊದಲೇ ಹೇಳಿದ್ದರು; ಯಾವ ನಕ್ಷತ್ರ ಎಂದು ನಾವು ಕೇಳಿರಲಿಲ್ಲ.

ಇಬ್ಬರು ಹೆಣ್ಣುಮಕ್ಕಳೂ ಸೇರಿ ನಾವು ಆರು ಜನ ರಾತ್ರಿ ಎರಡು ಗಂಟೆಗೆ ಟಿಟಿ ಗಾಡಿ ಹತ್ತಿ ಚನ್ನಗಿರಿಯ ದಾರಿ ಹಿಡಿದೆವು. ಸಂತೇಬೆನ್ನೂರು ಬಂದಾಗ ಉಳಿದವರೆಲ್ಲ ಬಾಯಿ ತೆರೆದು ನಿದ್ದೆ ಹೋಗಿದ್ದರು. ಇಲ್ಲೊಂದು ಪುಷ್ಕರಣಿ ಇದೆ, ನೀರಿನ ನಡುವೆ ಮಂಟಪವಿದೆ, ಬರುವಾಗ ಹಗಲಿನಲ್ಲಿ ಇಳಿದು ನೋಡೋಣ ಎಂದು ನಾನು ಪಕ್ಕದವನನ್ನು ತಟ್ಟಿ ಎಬ್ಬಿಸಿದೆ. ಅವನು ಕಣ್ಣು ತೆರೆಯದೆಯೇ, "ಅದು ಇಲ್ಲೇ ಐತಲ್ಲಲೇ, ಯಾವಾಗ ಬೇಕಾದ್ರೂ ನೋಡಬಹುದು" ಎಂದು ಮಗ್ಗುಲಾದ. ಅವನು ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನಲ್ಲಿ, ವಯಸ್ಸು ಮೂವತ್ತೆಂಟು, ಈವರೆಗೆ ಆ ಪುಷ್ಕರಣಿಯನ್ನು ನೋಡಿಲ್ಲ. ಯಾವಾಗ ಬೇಕಾದರೂ ನೋಡಬಹುದಾದ್ದನ್ನು ಯಾವಾಗಲೂ ನೋಡದೆ ಇರುವ ಈ ಸ್ವಾತಂತ್ರ್ಯವನ್ನು ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡೂ ಜಿಲ್ಲೆಗಳ ಜನ ಸಂಪೂರ್ಣವಾಗಿ ಬಳಸಿಕೊಂಡಿದ್ದಾರೆ.

ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರದ, ಕರ್ನಾಟಕದ ಅತಿ ಎತ್ತರದ ಶಿಖರ. ಅದರಲ್ಲಿ ಬಹುಪಾಲು ಎತ್ತರವನ್ನು ನಮ್ಮ ಪರವಾಗಿ ಗಾಡಿಯೇ ಏರಿತು; ಉಳಿದದ್ದನ್ನು ಏರಲು ಮುಂದಿನ ಗಾಡಿಗಳು ಬಿಡಲಿಲ್ಲ. ಜನರೇ ಸುಳಿಯದ ಆಫ್‌ಬೀಟ್ ಜಾಗ ಎಂದು ಜಾಹೀರಾತು ಸಾರಿದ್ದ ಆ ತಿರುವಿನಲ್ಲಿ ಅರ್ಧ ಬೆಂಗಳೂರು ನಮಗಿಂತ ಮೊದಲೇ ಬಂದು ಹಾರನ್ ಹೊಡೆಯುತ್ತಿತ್ತು. ಸೂರ್ಯೋದಯವಾದದ್ದು ನಮಗೆ ಗಡಿಯಾರದಿಂದ ತಿಳಿಯಿತು. ಮಂಜಿನಲ್ಲಿ ಎದುರಿನ ಕಾರಿನ ಕೆಂಪು ದೀಪವೊಂದು ಕಾಣುತ್ತಿದ್ದು, ಗೆಳೆಯನೊಬ್ಬ ಅದರ ಚಿತ್ರ ತೆಗೆದು 'ಸನ್‌ರೈಸ್' ಎಂದು ಸ್ಟೇಟಸ್ ಹಾಕಿಕೊಂಡ. ಮಧ್ಯಾಹ್ನದ ಸಾಹಸ ಚಟುವಟಿಕೆಗಾಗಿ ಕ್ಯಾಂಪಿನಲ್ಲಿ ಎರಡು ನೀಲಗಿರಿ ಮರಗಳ ನಡುವೆ ಹಗ್ಗ ಕಟ್ಟಿದ್ದರು. ನೆಲದಿಂದ ನಾಲ್ಕಡಿ ಎತ್ತರದ ಆ ಹಗ್ಗ ಹಿಡಿದು ದಾಟುವ ಮೊದಲು, ಸತ್ತರೆ ನಾವೇ ಜವಾಬ್ದಾರರು ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಆ ಸಹಿ ಹಾಕುವಾಗ ಮಾತ್ರ ಎಲ್ಲರಿಗೂ ನಿಜವಾದ ರೋಮಾಂಚನವಾಯಿತು ಎಂಬುದನ್ನು ನಾನು ಒಪ್ಪಿಕೊಳ್ಳಬೇಕು.

ಹಿಂದಿರುಗಿದ ಮರುವಾರ ದಾವಣಗೆರೆಯಲ್ಲಿ ಬೆಣ್ಣೆ ದೋಸೆಯ ಮುಂದೆ ಕುಳಿತಾಗ, ಮುಂದಿನ ಪ್ರವಾಸ ಇದಕ್ಕಿಂತ ಅಗ್ಗವಾಗಿರಬೇಕು, ಇದಕ್ಕಿಂತ ಸಾಹಸದ್ದಾಗಿರಬೇಕು ಎಂಬ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು. ಚಿತ್ರದುರ್ಗದವನಾದ ನಾನು ಹಾಗಾದರೆ ನಮ್ಮೂರಿಗೇ ಬನ್ನಿ ಎಂದು ಲೆಕ್ಕ ಬಿಡಿಸಿ ತೋರಿಸಿದೆ: ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು, ಹೋಗಿಬರುವ ಬಸ್ ಚಾರ್ಜು ಇನ್ನೂರರೊಳಗೆ, ಕೋಟೆಯ ಟಿಕೆಟ್ 25 ರೂಪಾಯಿ, ಆಟೊದ ಪಾಲು, ಮಂಡಕ್ಕಿ ಮತ್ತು ಮೆಣಸಿನಕಾಯಿ, ಎಲ್ಲ ಸೇರಿ ಮುನ್ನೂರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿರುವುದರಿಂದ ಇಬ್ಬರು ಹೆಣ್ಣುಮಕ್ಕಳಿಗೆ ಬಸ್ ಚಾರ್ಜೂ ಇಲ್ಲ, ಅವರಿಗೆ ನೂರು ರೂಪಾಯಿ ಸಾಕು.

ಮೇಜಿನ ಸುತ್ತ ಮೌನ ಕವಿಯಿತು. ಮುನ್ನೂರು ರೂಪಾಯಿಗೆ ಟ್ರಿಪ್ ಎಂದರೆ ಅದರಲ್ಲಿ ಏನೋ ಮೋಸವಿರಬೇಕು ಎಂದು ಒಬ್ಬ ಅನುಮಾನಿಸಿದ. ನೂರು ರೂಪಾಯಿಗೆ ತಾನು ತರಕಾರಿ ತರಲು ಹೋಗುತ್ತೇನೆಯೇ ಹೊರತು ಪ್ರವಾಸ ಹೋಗುವುದಿಲ್ಲ ಎಂದು ಹೆಣ್ಣುಮಗಳೊಬ್ಬಳು ಖಂಡಿತವಾಗಿ ಹೇಳಿದಳು. ಕೋಟೆಯನ್ನು ಏಳನೇ ತರಗತಿಯಲ್ಲಿ ಮೇಷ್ಟ್ರು ತೋರಿಸಿಯಾಗಿದೆ ಎಂದು ಮತ್ತೊಬ್ಬ ಕಡತವನ್ನೇ ಮುಚ್ಚಿದ. 1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದುದರಿಂದ ಆ ಕೋಟೆ ಅವರ ಸ್ವಂತ ಜಿಲ್ಲೆಯದಾಗಿತ್ತು, ನೋಡುವ ಅಗತ್ಯವಿರಲಿಲ್ಲ. ಜಿಲ್ಲೆ ಬೇರೆಯಾದ ಮೇಲೆ ಅದು ಪರಜಿಲ್ಲೆಯದಾಯಿತು, ಆದರೆ ನೋಡಲು ಬರುವಷ್ಟು ದೂರವಾಗಲಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಹಿರಿಯರು ಎಚ್ಚರಿಸಿದ್ದು ನಿಜ. ಆದರೆ ಹತ್ತಿರ ಹೋಗಿ ಕೈಯಾಡಿಸಿದರೂ ನುಣ್ಣಗೇ ಇರುವ ಬೆಟ್ಟವೊಂದು ದುರ್ಗದಲ್ಲಿರುವಾಗ ಆ ಗಾದೆಯನ್ನು ಯಾರ ಮೇಲೆ ಪ್ರಯೋಗಿಸಬೇಕೆಂದು ನನಗೆ ತೋಚುವುದಿಲ್ಲ.

ನಾನು ಚರಿತ್ರೆಯ ಮೊರೆ ಹೊಕ್ಕೆ. ಕೋಟೆಯ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿ ಅಗೆದಾಗ ರೋಮನ್ ಚಕ್ರವರ್ತಿಗಳ ನಾಣ್ಯಗಳು ಸಿಕ್ಕಿವೆ. ಅಂದರೆ ಎರಡು ಸಾವಿರ ವರ್ಷಗಳ ಹಿಂದೆ, ಹೆದ್ದಾರಿಯಾಗಲಿ ಟಿಟಿ ಗಾಡಿಯಾಗಲಿ ಇಲ್ಲದ ಕಾಲದಲ್ಲಿ, ಸಮುದ್ರ ದಾಟಿ ರೋಮಿನ ದುಡ್ಡು ತಲುಪಿದ ಊರಿಗೆ ದಾವಣಗೆರೆಯ ದುಡ್ಡು ಇನ್ನೂ ಹೊರಡಬೇಕಾಗಿದೆ. ಇತ್ತ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಬರೆಯಿಸಿದ ಶಾಸನವನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಅದರ ಕೊನೆಯಲ್ಲಿ 256 ಎಂಬ ಸಂಖ್ಯೆಯಿದ್ದು, ಚಕ್ರವರ್ತಿ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಅನೇಕ ವಿದ್ವಾಂಸರು ಅರ್ಥ ಹೇಳಿದ್ದಾರೆ. ಇದು ಮಹಾತ್ಮರಿಗೆ ಮಾತ್ರ ಸಾಧ್ಯವಾಗುವುದಲ್ಲ, ಪ್ರಯತ್ನಪಟ್ಟರೆ ಸಾಮಾನ್ಯರಿಗೂ ಎಟುಕುತ್ತದೆ ಎಂಬ ಮಾತೂ ಅದೇ ಶಾಸನದಲ್ಲಿದೆ. ಅವನು ಹೇಳಿದ್ದು ಸ್ವರ್ಗದ ವಿಷಯವಾದರೂ, ಎಲ್ಲರ ಕೈಗೆಟಕುವ ದರ ಎಂದು ಬಂಡೆಯ ಮೇಲೆ ಕೊರೆಯಿಸಿದ ಮೊದಲ ಪ್ರಕಟಣೆ ಇದೇ ಇರಬಹುದು, ಅದರ ನೆತ್ತಿಯ ಮೇಲೆ ನಕ್ಷತ್ರವಿಲ್ಲ ಎಂದು ನಾನು ವಿವರಿಸುತ್ತಿದ್ದಾಗ ಗೆಳೆಯರು ಎರಡನೇ ಸುತ್ತಿನ ದೋಸೆಗೆ ಹೇಳಿಯಾಗಿತ್ತು.

ತಪ್ಪು ಅವರೊಬ್ಬರದೇ ಅಲ್ಲ. ಇರುವ ಜಾಗವನ್ನು ಅದರ ಹೆಸರಿನಿಂದ ಕರೆದರೆ ಯಾರೂ ಬರುವುದಿಲ್ಲ ಎಂದು ನಾವೇ ತೀರ್ಮಾನಿಸಿಕೊಂಡಿದ್ದೇವೆ. ದುರ್ಗದ ಪಕ್ಕದಲ್ಲೇ ಮಂಜು ಕವಿಯುವ ಜೋಗಿಮಟ್ಟಿ ಬೆಟ್ಟವನ್ನು ಊಟಿ ಎನ್ನುತ್ತೇವೆ. ಊಟಿ ಎಂದ ಮೇಲೆ ಊಟಿಗೇ ಹೋಗಬಹುದಲ್ಲ ಎಂದು ಕೇಳಿದವರು ಊಟಿಗೇ ಹೋಗುತ್ತಾರೆ. ಸೂಳೆಕೆರೆಯನ್ನು ಏಷ್ಯಾದ ಎರಡನೆಯ ದೊಡ್ಡ ಕೆರೆ ಎಂದು ಶಾಲೆಯಿಂದ ಹೇಳಿಕೊಂಡು ಬಂದಿದ್ದೇವೆ; ಮೊದಲನೆಯದು ಎಲ್ಲಿದೆ ಎಂದು ನಾನು ಕೇಳಿದ ಹತ್ತು ಜನ ಹತ್ತು ಊರು ಹೇಳಿದ್ದು, ಅವರಲ್ಲಿ ಒಬ್ಬರೂ ಎರಡನೆಯದರ ಏರಿಯ ಮೇಲೆ ನಿಂತವರಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ 89 ವರ್ಷ ಕಳೆದು 2022ರಲ್ಲಿ ಕೋಡಿ ಬಿದ್ದಾಗ ಮಾತ್ರ ಜನ ಜಾತ್ರೆಯಂತೆ ನೆರೆದರು. ಅದೇ ಕಣಿವೆ 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ನನ್ನ ಗೆಳೆಯನೊಬ್ಬ, ಇದೀಗ ತೀರ ಪದೇ ಪದೇ ಆಗುತ್ತಿದೆ ಎಂದು ಬೇಸರಪಟ್ಟುಕೊಂಡ.

ಕೊನೆಗೆ ನಾನು ಅಣ್ಣನ ಮಗನನ್ನು ಕರೆದೆ. ಎಂಜಿನಿಯರಿಂಗ್ ಓದುತ್ತಿರುವ ಅವನು ಅರ್ಧ ಗಂಟೆಯಲ್ಲಿ ಮೊಬೈಲಿನಲ್ಲೇ ಕಪ್ಪು ಬಣ್ಣದ ಪೋಸ್ಟರೊಂದನ್ನು ಸಿದ್ಧಪಡಿಸಿಕೊಟ್ಟ. 'ದುರ್ಗ ಎಕ್ಸ್‌ಪೆಡಿಷನ್', ತಲೆಗೆ 2,999 ರೂಪಾಯಿ, ಮೇಲೊಂದು ನಕ್ಷತ್ರ. ಸರ್ಕಾರಿ ಬಸ್ಸಿಗೆ 'ಲೋಕಲ್ ಟ್ರಾನ್ಸಿಟ್ ಎಕ್ಸ್‌ಪೀರಿಯೆನ್ಸ್' ಎಂದೂ, ಕೋಟೆ ಹತ್ತುವುದಕ್ಕೆ 'ಹೆರಿಟೇಜ್ ರಾಕ್ ಕ್ಲೈಂಬ್' ಎಂದೂ, ಚಂದ್ರವಳ್ಳಿಯ ಅಂಕಲಿ ಮಠದ ನೆಲಮಾಳಿಗೆಗೆ 'ಕೇವಿಂಗ್' ಎಂದೂ, ಕಾಗದದಲ್ಲಿ ಕಟ್ಟಿದ ಮಂಡಕ್ಕಿಗೆ 'ಸರ್ವೈವಲ್ ಲಂಚ್' ಎಂದೂ ನಾಮಕರಣವಾಯಿತು. ಕೋತಿಗಳು ಹೇಗೂ ಇರುತ್ತವಾದ್ದರಿಂದ 'ವೈಲ್ಡ್‌ಲೈಫ್ ಎನ್‌ಕೌಂಟರ್, ಗ್ಯಾರಂಟಿ' ಎಂದು ಸೇರಿಸಿದೆವು. ಕೇವಲ ಐದು ಸೀಟು ಬಾಕಿ ಎಂದು ಬರೆದೆವು, ಅದು ಸುಳ್ಳೂ ಅಲ್ಲ. ಎಲ್ಲಿಂದಲೋ ಬಂದದ್ದೆಂಬಂತೆ ನಾನು ಪೋಸ್ಟರನ್ನು ಗುಂಪಿಗೆ ಹಾಕಿದ ಕಾಲು ಗಂಟೆಯೊಳಗೆ ಐವರ ಹಣವೂ ಅಣ್ಣನ ಮಗನ ಖಾತೆಗೆ ಜಮಾ ಆಗಿತ್ತು. ಏಳನೇ ತರಗತಿಯಲ್ಲೇ ಕೋಟೆ ನೋಡಿ ಮುಗಿಸಿದವನು ಎಲ್ಲರಿಗಿಂತ ಮೊದಲು ಕಳುಹಿಸಿದ್ದ.

ಭಾನುವಾರ ಬೆಳಿಗ್ಗೆ ಅವರು ಬಸ್ಸಿನಿಂದ ಇಳಿದಾಗ ಅಣ್ಣನ ಮಗ ಕೊರಳಿಗೆ ಸೀಟಿ ಹಾಕಿಕೊಂಡು, ಎಲ್ಲರ ಮಣಿಕಟ್ಟಿಗೂ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿ, ಸತ್ತರೆ ನಾವೇ ಜವಾಬ್ದಾರರು ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡ. ಮುಂದಿನದೆಲ್ಲ ಕೋಟೆಯೇ ನೋಡಿಕೊಂಡಿತು. ಏಳು ಸುತ್ತಿನ ಆ ಕೋಟೆಯನ್ನು ಕೈವಶ ಮಾಡಿಕೊಳ್ಳಲು ಹೈದರ್ ಅಲಿಗೆ ಒಂದು ದಂಡಯಾತ್ರೆ ಸಾಲದೆ 1779ರವರೆಗೆ ಕಾಯಬೇಕಾಯಿತು ಎಂಬುದು ಪುಸ್ತಕದಲ್ಲಿ ಓದಿದಾಗ ನಾಟುವುದಿಲ್ಲ. ತುಪ್ಪದ ಕೊಳದ ಬಂಡೆಯಲ್ಲಿ ಕೊರೆದ, ಅರ್ಧ ಪಾದ ಮಾತ್ರ ಹಿಡಿಸುವ ಗುಂಡಿಗಳಲ್ಲಿ ಕಾಲಿಟ್ಟು ಏರುವಾಗ ತೊಡೆಗೆ ನಾಟುತ್ತದೆ. ಅರ್ಧ ದಾರಿಯಲ್ಲಿ ಒಬ್ಬ ಬಂಡೆಯನ್ನು ತಬ್ಬಿ ಮನೆದೇವರನ್ನು ನೆನೆದ. ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತು, ಇಷ್ಟು ಸಂದಿನಲ್ಲಿ ಸೈನಿಕರು ನುಸುಳಿದ್ದು ಹೇಗೆ ಎಂದು ಅವರು ನಿಜವಾಗಿಯೂ ಬೆರಗಾದರು. ಹಿಡಿಂಬೇಶ್ವರನ ಗುಡಿಯ ಬಳಿ ಕೋತಿಯೊಂದು ಮೆಣಸಿನಕಾಯಿಯ ಪೊಟ್ಟಣವನ್ನು ಕಸಿದುಕೊಂಡಾಗ, ಕೊಟ್ಟ ಮಾತಿನಂತೆ ಎಲ್ಲವೂ ನಡೆಯುತ್ತಿದೆ ಎಂದು ಆಯೋಜಕರನ್ನು ಹೊಗಳಿದರು. ಮೇಲಿನ ಗಾಳಿಗೆ ಮೈಯೊಡ್ಡಿ, ಸುತ್ತಲಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಎಣಿಸುತ್ತ ಅವರು ಮಾತಿಲ್ಲದೆ ಕುಳಿತ ಆ ಅರ್ಧ ಗಂಟೆ ನನಗೂ ಸಂತೋಷವಾಯಿತು ಎಂದು ಬರೆಯಲು ವಿಡಂಬನೆಯ ಅಂಕಣದಲ್ಲಿ ಜಾಗವಿಲ್ಲವಾದರೂ ಬರೆದಿದ್ದೇನೆ. ಸಂಜೆಯ ಹೊತ್ತಿಗೆ ಐವರ ಸ್ಟೇಟಸ್ಸಿನಲ್ಲೂ ಕೋಟೆ ಇತ್ತು. ಇದು ಹಂಪಿಯೇ ಎಂದು ದಾವಣಗೆರೆಯಿಂದ ಹನ್ನೊಂದು ಜನ ಕೇಳಿದ್ದರು.

ಅಲ್ಲಿಗೆ ಸುಮ್ಮನಿದ್ದರೆ ಚೆನ್ನಾಗಿತ್ತು. ಸ್ನೇಹಿತರ ದುಡ್ಡು ನಮಗೇಕೆ ಎಂಬ ಸಂಕೋಚದಿಂದ ನಾನು ಸೋಮವಾರ ಎಲ್ಲವನ್ನೂ ಬಾಯಿಬಿಟ್ಟು, ಮುನ್ನೂರು ರೂಪಾಯಿ ಮುರಿದುಕೊಂಡು ಗಂಡಸರಿಗೆ ತಲಾ 2,699 ರೂಪಾಯಿಗಳನ್ನೂ, ಬಸ್ಸಿನಲ್ಲಿ ಉಚಿತವಾಗಿ ಬಂದ ಇಬ್ಬರು ಹೆಣ್ಣುಮಕ್ಕಳಿಗೆ ತಲಾ 2,899 ರೂಪಾಯಿಗಳನ್ನೂ ವಾಪಸು ಕಳುಹಿಸಿದೆ. ಹಣ ಮುಟ್ಟಿದ ಹತ್ತು ನಿಮಿಷದಲ್ಲಿ ಸ್ಟೇಟಸ್ಸುಗಳು ಒಂದೊಂದಾಗಿ ಮಾಯವಾದವು. ಹೆಚ್ಚು ಹಣ ವಾಪಸು ಬಂದವರಿಗೆ ಹೆಚ್ಚು ಅವಮಾನವಾಗಿತ್ತು. ಆ ಇಬ್ಬರು ಈಗಲೂ ನನ್ನೊಡನೆ ಮಾತಾಡುತ್ತಿಲ್ಲ. ಬಂಡೆಯನ್ನು ತಬ್ಬಿಕೊಂಡಿದ್ದವನು ಮಾತ್ರ ರಾತ್ರಿ ಫೋನ್ ಮಾಡಿ, "ಅಲ್ಲಲೇ, ಮುನ್ನೂರು ರೂಪಾಯಿ ಬಂಡೆಗೆ ನಾನು ಅಷ್ಟು ಹೆದರಿಕೊಂಡ್ನಾ?" ಎಂದು ತುಂಬ ನೊಂದು ಕೇಳಿದ. ಬುಧವಾರ ಗುಂಪಿನಲ್ಲಿ ಹೊಸ ಪೋಸ್ಟರ್ ಬಂತು: ದಾಂಡೇಲಿ, ಎರಡು ಹಗಲು, ಒಂದು ರಾತ್ರಿ, ತಲೆಗೆ 5,499. ನಕ್ಷತ್ರ ಈ ಸಲ ಎರಡಿದ್ದವು.