ಬೆರಳೆಣಿಕೆ

ನಿನ್ನೆ ಮತ್ತೆ ಬೆರಳೆಣಿಕೆ ಆಯಿತು. ಮ್ಯೂನಿಕ್‌ನಲ್ಲಿ ಸಾಮಾನು ಸಮೇತ ಬಾಡಿಗೆಗೆ ಸಿಕ್ಕ ಮನೆ ನಮ್ಮದು. ಮಂಚ, ಮೇಜು, ಗಾಜಿನ ಬೀರುವಿನಲ್ಲಿ ಆರು ಪಿಂಗಾಣಿ ಗೊಂಬೆ. ಕರಾರುಪತ್ರದಲ್ಲೇ ಇದೆ: ಗೊಂಬೆ 6, ಬೆರಳು 59.

ಇವರೆಲ್ಲ ಹಳೇ ಇಟಲಿಯ ಹಾಸ್ಯ ನಾಟಕದವರು. ತೇಪೆ ಅಂಗಿಯ ಹಾರ್ಲೆಕ್ವಿನ್, ಜಂಬದ ಕ್ಯಾಪ್ಟನ್, ವೆನಿಸ್ಸಿನ ಜಿಪುಣ ಮುದುಕ ವ್ಯಾಪಾರಿ ಪಾಂಟಲೋನೆ. 1760ರ ಸುಮಾರಿಗೆ ಇಲ್ಲಿನ ನಿಂಫೆನ್‌ಬರ್ಗ್ ಕಾರ್ಖಾನೆಗೆ ಬುಸ್ಟೆಲ್ಲಿ ಎಂಬ ಶಿಲ್ಪಿ ಇಂಥ 16 ಗೊಂಬೆ ಮಾಡಿಕೊಟ್ಟ. ಒಂದೂ ಸುಮ್ನೆ ನಿಲ್ಲುವುದಿಲ್ಲ, ಕೈ ಬೀಸಿ ಕುಣಿಯುತ್ತವೆ. ಬೆರಳು ಮುರಿಯದೆ ಇನ್ನೇನು? ನಮ್ಮವು ಅಗ್ಗದ ನಕಲು. ಓನರಮ್ಮನಿಗೆ ಮಾತ್ರ ಬುಸ್ಟೆಲ್ಲಿಯ ಸ್ವಂತ ಮಕ್ಕಳು.

ಹೀಟರ್ ನೋಡುವ ನೆಪದಲ್ಲಿ ತಿಂಗಳಿಗೊಮ್ಮೆ ಬರುತ್ತಾರೆ. ಕನ್ನಡಕ ಒರೆಸುತ್ತಾರೆ. ಟಾರ್ಚ್ ಹಿಡಿದು ಬೀರುವಿನೊಳಗೆ ತಲೆ ತೂರಿಸುತ್ತಾರೆ. ‘ಐನ್ಸ್, ತ್ಸ್ವೈ, ದ್ರೈ...’ ಹಾರ್ಲೆಕ್ವಿನ್ ಒಂದು ಕೈ ಬೆನ್ನ ಹಿಂದೆ ಇಟ್ಟಿದ್ದಾನೆ, ಅಲ್ಲಿ ಐದು ನಿಮಿಷ. ನಾನು ಕೆಮ್ಮಿದರೆ ಲೆಕ್ಕ ತಪ್ಪಿ ಮತ್ತೆ ಐನ್ಸ್. ಕೊನೆಗೆ 59ಕ್ಕೆ ನಿಂತು ನನ್ನ ಮುಖ ನೋಡುತ್ತಾರೆ. ನಾನು ಕರಾರುಪತ್ರ ತೋರಿಸುತ್ತೇನೆ. ಪಾಂಟಲೋನೆಯ ಆ ಬೆರಳು ನಾವು ಬರುವ ಮೊದಲೇ ಹೋಗಿದೆ ತಾಯೀ!

ಹೋದ ತಿಂಗಳು ದಸರಾಕ್ಕೆ ಮೈಸೂರಿನಿಂದ ಅಮ್ಮ ಬಂದಿದ್ದರು. ಪಟ್ಟದ ಗೊಂಬೆ ತಂದರು. ಲಗೇಜ್ ಜಾಸ್ತಿಯಾಗಿ, ಗೊಂಬೆ ಸಾಲಿನಲ್ಲಿ ಅಂಗಡಿ ಇಟ್ಟು ಕೂರುವ ಶೆಟ್ಟಿ ಊರಲ್ಲೇ ಉಳಿದಿದ್ದ. ಪಾಂಟಲೋನೆ ಯಾರು ಅಂತ ಹೇಳಿದೆ. ಹೆಂಗಸರ ಹಿಂದೆ ಬೀಳುವ ವಿಷಯ ಬಿಟ್ಟೆ. “ಮತ್ತೆ, ಇವನೇ ಶೆಟ್ಟಿ ಕಣೋ” ಎಂದು ಹಣೆಗೆ ಕುಂಕುಮ ಇಟ್ಟು, ಮುಂದೆ ಅಕ್ಕಿ ಬೇಳೆ ಸುರಿದು ಅಂಗಡಿ ಹಾಕಿಸಿದರು. ಆವತ್ತೇ ಓನರಮ್ಮ ಬರಬೇಕೇ? ಕಡಲೆಬೇಳೆ ನಡುವೆ ಬಗ್ಗಿ ಎಣಿಸತೊಡಗಿದರು. ಅಮ್ಮ ಪಿಸುಗುಟ್ಟಿದರು: “ಪಾಪ, ಜಪ ಮಾಡ್ತಿದ್ದಾರೆ. ಮಾತಾಡಿಸಬೇಡ.”

ಅಮ್ಮ ಊರಿಗೆ ಹೋಗಿ ವಾರವಾಯಿತು. ಮನೆ ಬಿಕೋ ಎನ್ನುತ್ತಿದೆ. ನಿನ್ನೆಯ ಎಣಿಕೆಯಲ್ಲಿ ಓನರಮ್ಮ 59ಕ್ಕೆ ನಿಲ್ಲಲೇ ಇಲ್ಲ. ಅರವತ್ತು! ಮತ್ತೆ ಎಣಿಸಿದರು. ಅರವತ್ತೇ. ಕರಾರುಪತ್ರ ತಿದ್ದಿ, ನನ್ನ ಸಹಿ ಹಾಕಿಸಿಕೊಂಡು ಹೊರಟೇಬಿಟ್ಟರು.

ಆಮೇಲೆ ನೋಡಿದರೆ, ಪಾಂಟಲೋನೆಯ ಮುರಿದ ಬೆರಳಿನ ಜಾಗದಲ್ಲಿ ಒಣಗಿ ಕೂತ ಒಂದು ಅಗುಳು. ಅಮ್ಮ ನೈವೇದ್ಯಕ್ಕಿಟ್ಟ ಮೊಸರನ್ನದ್ದು. ಇನ್ನು ಪ್ರತಿ ಶನಿವಾರ ಅದು ಉದುರದ ಹಾಗೆ ಧೂಳು ಒರೆಸಬೇಕು.

ರಾತ್ರಿ ಅಮ್ಮನ ಫೋನು. “ಶೆಟ್ಟಿ ಹೇಗಿದ್ದಾನೋ?”

“ಇನ್ನೂ ಊಟ ಮುಗಿಸಿಲ್ಲಮ್ಮ.”