‘ಇಂಟಿಗ್ರೇಟಿವ್’ ಅಂದರೆ ಆ ಐವತ್ತು ನಿಮಿಷ ಏನು ಮಾಡುತ್ತಾರೆ?

ಇಂಗ್ಲೆಂಡಿನಲ್ಲಿ ಆಪ್ತಸಮಾಲೋಚಕರನ್ನು ಹುಡುಕುವ ಕನ್ನಡಿಗರಿಗೆ ಮೊದಲು ಸಿಗುವುದು ಒಂದು ಪುಟ್ಟ ಪರಿಚಯ: ‘ನಾನು ಇಂಟಿಗ್ರೇಟಿವ್ ಥೆರಪಿಸ್ಟ್, ನಿಮ್ಮ ಮಾತಿಗೆ ಸುರಕ್ಷಿತ ಜಾಗ ಕೊಡುತ್ತೇನೆ.’ ಬೆಂಗಳೂರಿನವರ ಪರಿಚಯದಲ್ಲಿ ಸಾಮಾನ್ಯವಾಗಿ ಮೊದಲು ಡಿಗ್ರಿ, ಆಮೇಲೆ ಆತಂಕ, ಖಿನ್ನತೆ, ದಾಂಪತ್ಯ, ಮಕ್ಕಳ ಓದು ಎಂಬ ಪಟ್ಟಿ. ಇಲ್ಲಿ ವಿಧಾನದ ಹೆಸರಿದೆ, ಅಲ್ಲಿ ಸಮಸ್ಯೆಯ ಹೆಸರಿದೆ. ಎದುರು ಕೂತ ಐವತ್ತು ನಿಮಿಷ ಏನು ನಡೆಯುತ್ತದೆ ಅನ್ನುವುದನ್ನು ಇಬ್ಬರೂ ಹೇಳುವುದು ಅಪರೂಪ.

ಹೇಳಲು ಸುಲಭವಾದದ್ದು ಸಿಬಿಟಿ, ಅಂದರೆ ಯೋಚನೆ-ನಡವಳಿಕೆಗಳನ್ನು ಪರೀಕ್ಷಿಸಿ ಬದಲಿಸುವ ವಿಧಾನ. ಒಂದು ಹಾಳೆ, ಏಳು ಕಾಲಂ: ನಡೆದ ಸಂಗತಿ, ಆಗಿನ ಭಾವನೆ ಮತ್ತು ನೂರಕ್ಕೆ ಅದರ ತೀವ್ರತೆ, ಥಟ್ಟನೆ ಬಂದ ಯೋಚನೆ, ಅದರ ಪರ ಸಾಕ್ಷಿ, ವಿರುದ್ಧ ಸಾಕ್ಷಿ, ಸಮತೂಕದ ಯೋಚನೆ, ಮತ್ತೆ ತೀವ್ರತೆ. ವಾರವಿಡೀ ಬರೆದು ತರಬೇಕು. ಇಂಗ್ಲೆಂಡಿನ ಸರ್ಕಾರಿ ಟಾಕಿಂಗ್ ಥೆರಪೀಸ್ ಸೇವೆಯಲ್ಲಿ ಇದರ ಜೊತೆಗೆ ಪ್ರತಿ ಭೇಟಿಗೂ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿಸುತ್ತಾರೆ. 27ಕ್ಕೆ ಎಷ್ಟು ಅಂಕ ಎಂದು ನೋಡಿ, ಇಳಿಯುತ್ತಿದೆಯೇ ಎಂದು ಲೆಕ್ಕ ಹಾಕುತ್ತಾರೆ. ನಮ್ಮವರ ವಿಷಯದಲ್ಲಿ ಇದು ಎಡವುವ ಜಾಗ ಒಂದಿದೆ. ‘ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಬಂದು ತಪ್ಪು ಮಾಡಿದೆ’ ಎಂದು ಬರೆದರೆ, ಅವಸರದ ಥೆರಪಿಸ್ಟ್ ಅದನ್ನು ಯೋಚನೆಯ ದೋಷವೆಂದು ಗುರುತು ಹಾಕಿ ವಿರುದ್ಧ ಸಾಕ್ಷಿ ಕೇಳುತ್ತಾರೆ. ಅದರಲ್ಲಿ ಅರ್ಧ ಯೋಚನೆ, ಅರ್ಧ ಋಣ. ಋಣಕ್ಕೆ ಸಾಕ್ಷಿ ಹುಡುಕುವುದರಲ್ಲಿ ಅರ್ಥವಿಲ್ಲ. ಅದನ್ನು ಹೇಗೆ ತೀರಿಸುವುದು, ಎಷ್ಟು ತೀರಿಸಿದರೆ ಸಾಕು ಎಂದು ಮಾತಾಡಬೇಕು.

ಪರ್ಸನ್-ಸೆಂಟರ್ಡ್ ಅನ್ನುವವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ದಾರಿಯವರು. ಅವರು ನಂಬುವುದು ಮುಖ್ಯವಾಗಿ ಮೂರನ್ನು: ಸಹಾನುಭೂತಿ, ಷರತ್ತಿಲ್ಲದ ಆದರ, ಮುಖವಾಡವಿಲ್ಲದಿರುವುದು. ಸಲಹೆ ಕೊಡುವುದಿಲ್ಲ, ನೀವು ಹೇಳಿದ್ದನ್ನೇ ಇನ್ನಷ್ಟು ತಿಳಿಯಾಗಿಸಿ ನಿಮ್ಮ ಮುಂದಿಡುತ್ತಾರೆ. ಎರಡು ಭೇಟಿ ಮುಗಿಸಿ ‘ದುಡ್ಡು ಕೊಟ್ಟು ನಾವೇ ಮಾತಾಡಿ ಬರಬೇಕಾ?’ ಎಂದು ಬಿಟ್ಟುಬಿಡುವವರಿದ್ದಾರೆ. ಇದು ಅವರ ಅಸಹನೆಯಲ್ಲ. ಹಿರಿಯರು ದಾರಿ ತೋರಿಸುತ್ತಾರೆಂಬ ನಿರೀಕ್ಷೆ ನಮ್ಮಲ್ಲಿ ಆಳವಾಗಿದೆ. 1973ರಲ್ಲೇ ಮನೋವೈದ್ಯ ಜೆ. ಎಸ್. ನೇಕಿ ಗುರು-ಶಿಷ್ಯ ಸಂಬಂಧವನ್ನು ಚಿಕಿತ್ಸೆಗೊಂದು ಮಾದರಿಯಾಗಿ ಮುಂದಿಟ್ಟಿದ್ದರು. ಸಲಹೆ ಯಾಕೆ ಕೊಡುವುದಿಲ್ಲವೆಂದು ಮೊದಲ ದಿನವೇ ಬಿಡಿಸಿ ಹೇಳುವುದು ಥೆರಪಿಸ್ಟರ ಕೆಲಸ.

ಸೈಕೋಡೈನಮಿಕ್ ವಿಧಾನ ಬಾಲ್ಯವನ್ನೂ, ಥೆರಪಿಸ್ಟರ ಮೇಲೆಯೇ ನಮಗೆ ಹುಟ್ಟುವ ಸಿಟ್ಟು-ಸಲಿಗೆಗಳನ್ನೂ ಕೆದಕುತ್ತದೆ. ತಿಂಗಳುಗಟ್ಟಲೆ ಹಿಡಿಯಬಹುದು. ‘ಇಂಟಿಗ್ರೇಟಿವ್’ ಎಂದರೆ ಇವನ್ನೆಲ್ಲ ಬೆರೆಸುವುದು. ಯಾವುದನ್ನು ಯಾವಾಗ, ಯಾಕೆ ಎಂದು ಹೇಳಬಲ್ಲವರ ಕೈಯಲ್ಲಿ ಇದು ಬಹಳ ಒಳ್ಳೆಯದು. ಹೇಳಲಾಗದವರ ಬಳಿ ಬರೀ ಹರಟೆಯಾಗುತ್ತದೆ.

ಮನೆಯವರನ್ನೂ ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವ ವಿಷಯದಲ್ಲಿ ಬೆಂಗಳೂರಿನ ಪದ್ಧತಿಯೇ ನನಗೆ ಹೆಚ್ಚು ಸರಿ ಕಾಣುತ್ತದೆ. ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅತ್ತೆ-ಸೊಸೆಯ ಸಂಕಟವನ್ನು ಸೊಸೆಯೊಬ್ಬಳ ತಲೆಯೊಳಗಿನ ಸಮಸ್ಯೆಯಂತೆ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಆದರೆ ಗಂಡನೋ ಅಪ್ಪನೋ ಬಾಗಿಲಾಚೆ ನಿಂತು ‘ಏನಂದ್ಲು?’ ಎಂದು ಕೇಳಿದಾಗ ಥೆರಪಿಸ್ಟ್ ಬಾಯಿ ಬಿಟ್ಟರೆ ಎಲ್ಲ ಮುಗಿದಂತೆ. ಗೌಪ್ಯತೆ ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು.

ಆಪ್ತಸಮಾಲೋಚಕ ಎಂಬ ಫಲಕವೊಂದರಿಂದಲೇ ತರಬೇತಿ ಅಳೆಯಲಾಗದು. ಬ್ರಿಟನ್ನಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿದೆ, ಕೌನ್ಸೆಲರ್ ಎಂಬುದಕ್ಕಿಲ್ಲ. ಭಾರತದ ಕ್ಲಿನಿಕಲ್ ಸೈಕಾಲಜಿಸ್ಟರ ಬಳಿ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಬಹುದು, ಕೇಳಲೇಬೇಕು.

ಭಾಷೆಯದ್ದು ಇನ್ನೂ ದೊಡ್ಡ ಮಾತು. ‘ಬೇಜಾರು’ ಅನ್ನುವ ನಮ್ಮ ಒಂದು ಪದದಲ್ಲಿ ದುಃಖವಿದೆ, ಬೇಸರವಿದೆ, ಮನಸ್ಸಿಗಾದ ನೋವಿದೆ, ಕಿರಿಕಿರಿಯೂ ಇದೆ. ಇಂಗ್ಲಿಷಿಗೆ ತಿರುಗಿಸುವಾಗ ಒಂದನ್ನು ಆರಿಸಿ ಉಳಿದದ್ದನ್ನು ಬಿಟ್ಟುಬಿಡುತ್ತೇವೆ. ಪ್ರಶ್ನಾವಳಿಯ ಅಂಕವೂ ಆ ಆಯ್ಕೆಯ ಮೇಲೆ ನಿಲ್ಲುತ್ತದೆ. ಹಾಗಾಗಿ ಅನೇಕರು ಊರಿನ ಥೆರಪಿಸ್ಟರ ಜೊತೆ ಆನ್‌ಲೈನಿನಲ್ಲಿ ಕನ್ನಡದಲ್ಲೇ ಮಾತಾಡಲು ಬಯಸುತ್ತಾರೆ. ಬಯಸಬೇಕಾದದ್ದೇ. ಮೊದಲ ಭೇಟಿಯಲ್ಲೇ ಒಂದನ್ನು ಇತ್ಯರ್ಥ ಮಾಡಿಕೊಳ್ಳಿ: ಜೀವ ಬೇಡವೆನ್ನಿಸುವ ರಾತ್ರಿ ಬಂದರೆ ಇಲ್ಲಿ ಯಾರಿಗೆ ಕರೆ ಮಾಡುವುದು? ಅಲ್ಲಿನ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಭಾರತದ ಒಳಗಿನ ವ್ಯವಸ್ಥೆ. ಇಂಗ್ಲೆಂಡಿನಲ್ಲಾದರೆ 111 ಒತ್ತಿ, ಮಾನಸಿಕ ಆರೋಗ್ಯಕ್ಕೆ 2 ಆರಿಸಬೇಕು. ಜೀವಕ್ಕೇ ಅಪಾಯವಿದ್ದರೆ 999. ಈ ಸಂಖ್ಯೆಗಳ ಜೊತೆ ಹತ್ತಿರದಲ್ಲಿರುವ ಒಬ್ಬ ಸ್ನೇಹಿತರ ಹೆಸರೂ ಥೆರಪಿಸ್ಟರ ಕಡತದಲ್ಲಿರಲಿ.